ಕೆರೆ, ಗಿರಿ, ಸೈಕಲ್ಲು: ಕಡೂರಿನಿಂದ ತರೀಕೆರೆಗೆ ಗುಂಪಾಗಿ ನಾಲ್ಕು ದಿನ

ಒಬ್ಬರೇ ಸೈಕಲ್ ತುಳಿಯುವುದು ಬೇರೆ, ಎಂಟು ಜನ ಸೇರಿ ತುಳಿಯುವುದು ಬೇರೆ. ಒಬ್ಬರೇ ಇದ್ದಾಗ ನಿಮ್ಮ ಕಾಲು ಹೇಳಿದಂತೆ ಹೋದರಾಯಿತು. ಗುಂಪಿನಲ್ಲಿ ಯಾರ ಕಾಲಿನ ಮಾತು ಕೇಳಬೇಕು? ಎಲ್ಲರಿಗಿಂತ ಹಿಂದೆ ಬರುವವರ ಕಾಲಿನದು. ಬೆಳಿಗ್ಗೆ ಹೊರಡುವ ಹೊತ್ತು, ಊಟದ ಜಾಗ, ರಾತ್ರಿ ಉಳಿಯುವ ಊರು, ಎಲ್ಲವನ್ನೂ ಅವರ ಲೆಕ್ಕದಲ್ಲೇ ಹಾಕಬೇಕು. ಜೋರಾಗಿ ತುಳಿಯುವವರ ಲೆಕ್ಕದಲ್ಲಿ ಹಾಕಿದ ಪ್ಲಾನು ಎರಡನೇ ದಿನ ಮಧ್ಯಾಹ್ನಕ್ಕೆ ಮುರಿದು ಬೀಳುತ್ತದೆ. ನಾನು ಹಾಕಿದ್ದೂ ಬಿದ್ದಿದೆ.

ಕೆಳಗೆ ಹೇಳುವುದು ಚಿಕ್ಕಮಗಳೂರು ಜಿಲ್ಲೆಯ ಚಂದ್ರದ್ರೋಣ ಬೆಟ್ಟಸಾಲಿನ ಮಗ್ಗುಲಲ್ಲೇ ಸಾಗುವ ನಾಲ್ಕು ದಿನದ ದಾರಿ. ಬೆಟ್ಟವೂ ಇದೆ, ಕೆರೆಯೂ ಇದೆ, ನಡುವೆ ಕಾಫಿ ತೋಟ. ವಾರಕ್ಕೆ ಎರಡು ಮೂರು ದಿನ ಸೈಕಲ್ ತುಳಿಯುವ ಯಾರು ಬೇಕಾದರೂ ಎರಡು ತಿಂಗಳ ತಯಾರಿಯಲ್ಲಿ ಹೋಗಿ ಬರಬಹುದು.

ದಾರಿ

ಮೊದಲ ದಿನ ಕಡೂರಿನಿಂದ ಸಖರಾಯಪಟ್ಟಣ, ಅಯ್ಯನಕೆರೆ ನೋಡಿಕೊಂಡು ಚಿಕ್ಕಮಗಳೂರು. ಸುಮಾರು 55 ಕಿಲೋಮೀಟರ್. ಎರಡನೇ ದಿನ ಕೈಮರದ ಮೇಲೆ ಮುಳ್ಳಯ್ಯನಗಿರಿಗೆ ಹೋಗಿ ವಾಪಸ್ ಪೇಟೆಗೆ, ಹೋಗಿಬರಲು 40ರ ಸುಮಾರು. ಮೂರನೇ ದಿನ ಲಿಂಗದಹಳ್ಳಿ, ಕಲ್ಲತ್ತಿಗಿರಿ ಮೂಲಕ ಕೆಮ್ಮಣ್ಣುಗುಂಡಿ, ಮತ್ತೆ 55. ನಾಲ್ಕನೇ ದಿನ ಇಳಿದು ಲಕ್ಕವಳ್ಳಿಯ ಭದ್ರಾ ಜಲಾಶಯ ನೋಡಿ ತರೀಕೆರೆ. ಕಡೂರು, ತರೀಕೆರೆ ಎರಡೂ ಕಡೆ ರೈಲು ನಿಲ್ದಾಣ ಇರುವುದು ಈ ದಾರಿಯ ದೊಡ್ಡ ಅನುಕೂಲ. ಯಾರಿಗಾದರೂ ನಡುವೆ ಮನೆಗೆ ಹೋಗಬೇಕಾದರೆ ಚಿಕ್ಕಮಗಳೂರಿನಲ್ಲೂ ರೈಲಿದೆ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ಮಲೆನಾಡು ಚೆಂದ ಕಾಣುತ್ತದೆ, ನಿಜ. ಆದರೆ ಕಾಲ್ಚೀಲದೊಳಗೆ ಇಂಬಳ, ರಸ್ತೆ ಮೇಲೆ ಪಾಚಿ, ಹತ್ತಡಿ ಮುಂದೆ ಕಾಣದ ಮಂಜು. ಗುಂಪು ಕಟ್ಟಿಕೊಂಡು ಹೋಗುವ ಹೊತ್ತಲ್ಲ ಅದು.

ಡಿಸೆಂಬರ್‌ನಲ್ಲಿ ಹೋಗುವವರು ಕ್ಯಾಲೆಂಡರ್ ತೆಗೆದು ದತ್ತ ಜಯಂತಿ ಯಾವತ್ತು ಅಂತ ನೋಡಿಕೊಳ್ಳಿ. ಆ ಸುಮಾರಿಗೆ ಬಾಬಾಬುಡನ್‌ಗಿರಿ, ಮುಳ್ಳಯ್ಯನಗಿರಿ ಕಡೆ ಪ್ರವಾಸಿಗರನ್ನು ಕೆಲವು ದಿನ ಬಿಡುವುದಿಲ್ಲ. ಮುಳ್ಳಯ್ಯನಗಿರಿಯ ದಿನ ಶನಿವಾರ, ಭಾನುವಾರ ಬರದಂತೆಯೂ ನೋಡಿಕೊಳ್ಳಿ. ಕಿರಿದಾದ ರಸ್ತೆಯಲ್ಲಿ ಕಾರುಗಳ ಸಾಲಿನ ಹಿಂದೆ ಹೊಗೆ ಕುಡಿಯುತ್ತಾ ಏರುವುದರಲ್ಲಿ ಯಾವ ಸುಖವೂ ಇಲ್ಲ. ಭಾನುವಾರ ಹೊರಟು ಬುಧವಾರ ಮುಗಿಸುವುದು ನಮಗೆ ಸರಿಹೋಗಿದೆ.

ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದ ಮೇಲೆ ಕಾಫಿ ಹೂವು ಅರಳುತ್ತದೆ. ತೋಟಕ್ಕೆ ತೋಟವೇ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ. ಅದಕ್ಕಾಗಿ ಬಿಸಿಲು ತಡೆದುಕೊಳ್ಳುತ್ತೇವೆ ಅನ್ನುವವರು ಆಗ ಹೋಗಲಿ. ಆದರೆ ಹೂವು ಅರಳುವುದು ಮಳೆ ಬಂದಾಗ, ನಾವು ರಜೆ ಹಾಕಿದಾಗಲ್ಲ.

ಗುಂಪು ಕಟ್ಟುವುದು

ಆರರಿಂದ ಹತ್ತು ಜನ ಸಾಕು. ಹತ್ತು ದಾಟಿದರೆ ಹೋಟೆಲ್‌ನಲ್ಲಿ ದೋಸೆ ಬರುವುದಕ್ಕೇ ಮುಕ್ಕಾಲು ಗಂಟೆ. ಹೊರಡುವ ಮೊದಲು ಎರಡು ಭಾನುವಾರ ಒಟ್ಟಿಗೆ ಏರು ದಾರಿಯಲ್ಲಿ ತುಳಿಯಿರಿ. ಬೆಂಗಳೂರಿನವರಿಗೆ ನಂದಿಬೆಟ್ಟ, ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಇದ್ದೇ ಇದೆ. ಯಾರು ಹಿಂದೆ ಉಳಿಯುತ್ತಾರೆ, ಯಾರಿಗೆ ಹಸಿವಾದರೆ ಸಿಟ್ಟು ಬರುತ್ತದೆ, ಯಾರು ನಿಂತಲ್ಲೆಲ್ಲ ಫೋಟೊ ತೆಗೆಯುತ್ತಾರೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಮೂರು ಕೆಲಸಗಳನ್ನು ಮೊದಲೇ ಹಂಚಿ. ಮುಂದಾಳು ದಾರಿ ಗೊತ್ತಿರುವವರಾಗಬೇಕು, ಎಲ್ಲರಿಗಿಂತ ಜೋರಾಗಿ ತುಳಿಯುವವರಲ್ಲ. ಕೊನೆಯಾಳು ಪಂಚರ್ ಹಾಕಲು ಬರುವ, ತಾಳ್ಮೆಯ ಮನುಷ್ಯ. ಯಾರೇ ನಿಂತರೂ ಅವರ ಜೊತೆ ನಿಲ್ಲುವುದು, ಯಾರನ್ನೂ ಹಿಂದೆ ಬಿಟ್ಟು ಮುಂದೆ ಹೋಗದಿರುವುದು ಅವರ ಕೆಲಸ. ಮೂರನೆಯವರು ದುಡ್ಡಿನ ಉಸ್ತುವಾರಿ. ಎಲ್ಲರಿಂದ ಮೊದಲೇ ಒಂದಿಷ್ಟು ಸಂಗ್ರಹಿಸಿ ಒಬ್ಬರ ಕೈಯಲ್ಲಿ ಕೊಟ್ಟುಬಿಡಿ. ಪ್ರತಿ ಟೀ ಅಂಗಡಿಯಲ್ಲೂ ಎಂಟು ಫೋನು ತೆಗೆಯುವುದು ತಪ್ಪುತ್ತದೆ.

ಇನ್ನು ಕವಲಿನ ನಿಯಮ. ರಸ್ತೆ ಎಲ್ಲಿ ಕವಲೊಡೆದರೂ, ನಿಮ್ಮ ಹಿಂದಿನವರು ಕಣ್ಣಿಗೆ ಬಿದ್ದು, ನೀವು ತಿರುಗುವುದನ್ನು ಅವರು ನೋಡುವವರೆಗೆ ಅಲ್ಲೇ ನಿಲ್ಲಬೇಕು. ಆಮೇಲೆ ಅಲ್ಲಿ ನಿಲ್ಲುವ ಪಾಳಿ ಅವರದು. ಬರೀ ಮುಂದಾಳು ಒಬ್ಬರೇ ಕಾಯುವುದಲ್ಲ, ಪ್ರತಿಯೊಬ್ಬರೂ.

ಈ ನಿಯಮ ನಮಗೆ ಬಂದದ್ದು ಹೀಗೆ. ಮೊದಲ ಸಲ ಅಯ್ಯನಕೆರೆ ನೋಡಿ ಸಖರಾಯಪಟ್ಟಣಕ್ಕೆ ವಾಪಸ್ ಬಂದೆವು. ಗುಂಪು ಚದುರಿತ್ತು. ನಮ್ಮಲ್ಲಿ ಹಿರಿಯರೊಬ್ಬರು ಮುಖ್ಯರಸ್ತೆಗೆ ಬಂದು ಚಿಕ್ಕಮಗಳೂರಿನ ಕಡೆ ತಿರುಗುವ ಬದಲು ಕಡೂರಿನ ಕಡೆ ತಿರುಗಿಬಿಟ್ಟರು. ನಾವು ಅರ್ಧ ಗಂಟೆ ಕಾದೆವು, ಫೋನ್ ಹಚ್ಚಿದೆವು, ಸಿಗಲಿಲ್ಲ. ಕೊನೆಗೆ ಟೀ ಅಂಗಡಿಯವರು, "ನೀಲಿ ಟೀ ಶರ್ಟಿನವ್ರಾ? ಆಗ್ಲೇ ಕಡೂರ್ ಕಡೆ ಹೋದ್ರಲ್ಲ ಸಾರ್, ಭಾರಿ ಖುಷೀಲಿದ್ರು" ಅಂದರು. ಖುಷಿ ಯಾಕಿರಲ್ಲ? ಆ ಕಡೆ ರಸ್ತೆ ಇಳಿಜಾರು. ಒಂಬತ್ತು ಕಿಲೋಮೀಟರ್ ಆರಾಮಾಗಿ ಇಳಿದ ಮೇಲೆ, ಮಲೆನಾಡಿಗೆ ಹೋಗುವ ದಾರಿ ಹೀಗೆ ಇಳಿಯುತ್ತಲೇ ಇರುವುದು ಹೇಗೆ ಅಂತ ಅವರಿಗೆ ಅನುಮಾನ ಬಂತಂತೆ. ಅಷ್ಟನ್ನೂ ಮತ್ತೆ ಹತ್ತಿಕೊಂಡು ಬಂದರು. ಅವತ್ತು ರಾತ್ರಿ ಅವರು ಯಾರ ಜೊತೆಯೂ ಜಾಸ್ತಿ ಮಾತಾಡಲಿಲ್ಲ.

ಹೊತ್ತಿನ ಲೆಕ್ಕ

ಬೆಟ್ಟದಲ್ಲಿ ಕಿಲೋಮೀಟರ್ ಲೆಕ್ಕ ಒಂದೇ ಸಾಲದು, ಏರಿಕೆಯನ್ನೂ ಸೇರಿಸಬೇಕು. ನಾನು ಹಾಕುವ ಲೆಕ್ಕ ಇದು: ಪ್ರತಿ 15 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 300 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದು ಕೊನೆಯಾಳಿನ ಪಕ್ಕ ಬರುವವರ ವೇಗ. ನಿಲ್ಲುವ, ತಿನ್ನುವ, ಪಂಚರ್ ಹಾಕುವ ಸಮಯ ಬೇರೆ.

ಮೂರನೇ ದಿನವನ್ನೇ ತೆಗೆದುಕೊಳ್ಳಿ. 55 ಕಿಲೋಮೀಟರ್ ಅಂದರೆ ಮೂರೂಮುಕ್ಕಾಲು ಗಂಟೆ. ಕೊನೆಯ ಏರು, ನಡುವಿನ ಸಣ್ಣಪುಟ್ಟ ದಿಣ್ಣೆ ಎಲ್ಲ ಸೇರಿ 900 ಮೀಟರ್ ಅಂತ ಇಟ್ಟುಕೊಂಡರೆ ಮೂರು ಗಂಟೆ. ನಿಲ್ಲುವುದಕ್ಕೆ ಎರಡು ಗಂಟೆ. ಒಟ್ಟು ಒಂಬತ್ತು ಗಂಟೆ ಹತ್ತಿರ. ಬೆಳಿಗ್ಗೆ ಆರೂವರೆಗೆ ಹೊರಟರೆ ಮಧ್ಯಾಹ್ನ ಮೂರೂವರೆಗೆ ಕೆಮ್ಮಣ್ಣುಗುಂಡಿ. ಎರಡು ಗಂಟೆ ತಡವಾದರೂ ಬೆಳಕಿರುತ್ತದೆ. ಒಂಬತ್ತಕ್ಕೆ ಇಡ್ಲಿ ತಿಂದು ಹೊರಡೋಣ ಅಂದರೆ ಕೊನೆಯವರು ಕತ್ತಲಲ್ಲಿ ಹತ್ತಬೇಕು. ಈ ಜಿಲ್ಲೆಯಲ್ಲಿ ತೋಟದ ರಸ್ತೆಗೂ ಆನೆ ಬರುತ್ತದೆ. ಸಂಜೆ ಐದೂವರೆಯ ನಂತರ ಸೈಕಲ್ ಮೇಲೆ ಯಾರೂ ಇರಬಾರದು.

ಸೈಕಲ್ಲು

ಹೊಸ ಸೈಕಲ್ ಬೇಕಿಲ್ಲ, ಗೇರು ಬೇಕು. ಮುಂದೆ ಪೆಡಲ್ ಹತ್ತಿರ ಇರುವ ಅತಿ ಚಿಕ್ಕ ಹಲ್ಲುಚಕ್ರದ ಹಲ್ಲು ಎಣಿಸಿ, ಹಿಂದೆ ಚೈನ್ ಓಡುವ ಅತಿ ದೊಡ್ಡ ಹಲ್ಲುಚಕ್ರದ ಹಲ್ಲು ಎಣಿಸಿ. ಹಿಂದಿನದು ಮುಂದಿನಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸರಿ. ಮುಂದೆ 34, ಹಿಂದೆ 28 ಅಂತಿದ್ದರೆ ಅಂಗಡಿಗೆ ಒಯ್ದು ಕ್ಯಾಸೆಟ್, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು, ಬದಲಾಯಿಸಿಕೊಳ್ಳಿ. "ನನ್ನ ಕಾಲಲ್ಲಿ ಬಲ ಇದೆ" ಅನ್ನುವವರ ಮಂಡಿ ಎರಡನೇ ದಿನ ಮಾತಾಡುತ್ತದೆ. ಟೈರು 32ರಿಂದ 40 ಮಿಲಿಮೀಟರ್ ಅಗಲ ಇರಲಿ. ಬ್ರೇಕ್ ಪ್ಯಾಡು ಅರ್ಧ ಸವೆದಿದ್ದರೂ ಹೊಸದು ಹಾಕಿಸಿ.

ಪಂಚರ್ ಸಾಮಾನು ಎಲ್ಲರೂ ಒಯ್ಯುತ್ತಾರೆ. ಒಂದು ಚಿಕ್ಕ ವಸ್ತು ಮಾತ್ರ ಮರೆಯುತ್ತಾರೆ. ನಿಮ್ಮ ಟ್ಯೂಬಿನ ವಾಲ್ವ್ ನೋಡಿ. ಪೆನ್ಸಿಲ್‌ನಷ್ಟು ತೆಳ್ಳಗಿದ್ದು, ತುದಿಯಲ್ಲಿ ಪುಟ್ಟ ತಿರುಪು ಇದ್ದರೆ ಅದು ಪ್ರೆಸ್ಟಾ. ಹಳ್ಳಿಯ ಪಂಚರ್ ಅಂಗಡಿಯ ಗಾಳಿ ಪೈಪು ಬೈಕು, ಕಾರಿನ ದಪ್ಪ ವಾಲ್ವ್‌ಗೆ ಮಾತ್ರ ಕೂರುತ್ತದೆ. ಪ್ರೆಸ್ಟಾ ಮೇಲೆ ಇಟ್ಟರೆ ಬುಸ್ ಅಂತ ಗಾಳಿಯೆಲ್ಲ ಹೊರಗೇ ಹೋಗುತ್ತದೆ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಬರುತ್ತದೆ, ಕಡಲೆಕಾಳಿನಷ್ಟು ದೊಡ್ಡದು. ತಿರುಪು ಸಡಿಲ ಮಾಡಿ, ಅಡಾಪ್ಟರ್ ಕೂರಿಸಿ, ಆಮೇಲೆ ಗಾಳಿ ಹಿಡಿಸಿ. ಎರಡು ಒಯ್ಯಿರಿ, ಒಂದು ಕಳೆದೇ ಹೋಗುತ್ತದೆ.

ಪಂಚರ್ ಆದಾಗ ಟ್ಯೂಬು ಬದಲಿಸುವ ಮುಂಚೆ ಟೈರಿನ ಒಳಗೆ ಬೆರಳು ಆಡಿಸಿ, ನಿಧಾನವಾಗಿ. ಮುಳ್ಳು ಅಲ್ಲೇ ಇರುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬು ಹಾಕಿದರೆ ನೂರು ಮೀಟರ್ ಹೋಗುವಷ್ಟರಲ್ಲಿ ಮತ್ತೆ ಅದೇ ಕಥೆ. ಗುಂಪಿಗೆಲ್ಲ ಸೇರಿ ಒಂದು ಚೈನ್ ಕಟರ್, ಎರಡು ಚೈನ್ ಲಿಂಕು, ಬ್ರೇಕ್ ಮತ್ತು ಗೇರಿನ ತಂತಿ ಸಾಕು. ಹಿಂದಿನ ಗೇರನ್ನು ಫ್ರೇಮಿಗೆ ಹಿಡಿಯುವ ಹ್ಯಾಂಗರ್ ಮಾತ್ರ ಒಂದೊಂದು ಸೈಕಲ್ಲಿಗೆ ಒಂದೊಂದು ತರಹ. ಅದನ್ನು ಅವರವರೇ ತರಬೇಕು. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ.

ಸೈಕಲ್ ಸಾಗಿಸುವುದು

ರೈಲಿನಲ್ಲಿ ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಲಗೇಜಾಗಿ ಬುಕ್ ಮಾಡಿ ಬ್ರೇಕ್ ವ್ಯಾನಿನಲ್ಲಿ ಹಾಕಿಸಬಹುದು. ಒಂದೆರಡಾದರೆ ಸರಿ. ಎಂಟು ಸೈಕಲ್ಲನ್ನು ರೈಲು ನಿಂತ ಸ್ವಲ್ಪ ಹೊತ್ತಿನಲ್ಲೇ ಇಳಿಸಿಕೊಳ್ಳುವ ಧೈರ್ಯ ನನಗಿಲ್ಲ. ನಾವು ಒಂದು ಪಿಕಪ್ ಗಾಡಿ ಮಾತಾಡಿಕೊಳ್ಳುತ್ತೇವೆ. ಪೆಡಲ್ ಬಿಚ್ಚಿ, ಗೇರಿನ ಮಗ್ಗುಲು ಇನ್ನೊಂದು ಸೈಕಲ್ಲಿಗೆ ತಾಗದಂತೆ ನಿಲ್ಲಿಸಿ, ನಡುವೆ ಹಳೇ ಕಂಬಳಿ, ರಟ್ಟು ತುರುಕಿ ಹಗ್ಗ ಬಿಗಿಯುವುದು. ನಾವು ರೈಲಿನಲ್ಲಿ ಕಡೂರು, ಗಾಡಿ ರಸ್ತೆಯಲ್ಲಿ. ಅದೇ ಗಾಡಿ ನಾಲ್ಕೂ ದಿನ ಬ್ಯಾಗು ಹೊತ್ತು ಹಿಂದೆ ಬರುತ್ತದೆ. ಸುಸ್ತಾದವರು ಹತ್ತಬಹುದು. ಹತ್ತಿದವರನ್ನು ಆಡಿಕೊಳ್ಳಬಾರದು ಅನ್ನುವುದು ನಮ್ಮಲ್ಲಿ ಕಾನೂನು. ಆಡಿಕೊಂಡರೆ ಮಾರನೇ ದಿನ ಮೈಗೆ ಹುಷಾರಿಲ್ಲದವರೂ ಹತ್ತುವುದಿಲ್ಲ, ದಾರಿ ಮಧ್ಯೆ ಕುಸಿಯುತ್ತಾರೆ.

ಮೊದಲ ದಿನ: ಬಯಲಿನಿಂದ ಮಲೆನಾಡಿಗೆ

ಕಡೂರು ಸಮುದ್ರಮಟ್ಟದಿಂದ 760 ಮೀಟರ್ ಸುಮಾರು, ಚಿಕ್ಕಮಗಳೂರು 1,090. ಏರಿಕೆ ಕಣ್ಣಿಗೆ ಕಾಣುವುದಿಲ್ಲ, ತೊಡೆಗೆ ಗೊತ್ತಾಗುತ್ತದೆ. ತೆಂಗಿನ ತೋಟ, ರಾಗಿ ಹೊಲ ಹಿಂದೆ ಸರಿದು ಮುಂದೆ ಬೆಟ್ಟ ಏಳುತ್ತದೆ. ಮೊದಲ ಒಂದು ಗಂಟೆ ಮುಂದಾಳು ಎಲ್ಲರನ್ನೂ ಹಿಡಿದು ನಡೆಸಬೇಕು. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ಉಸಿರಿರಬೇಕು. ಮಾತು ತುಂಡಾದರೆ ವೇಗ ಜಾಸ್ತಿಯಾಗಿದೆ ಅಂತ ತಿಳಿಯಿರಿ.

ಕೂಗುವ ಮಾತುಗಳನ್ನು ಇಲ್ಲೇ ಅಭ್ಯಾಸ ಮಾಡಿಸಿ. ಮುಂದಿನವರು "ಹಂಪ್!", "ಗುಂಡಿ!" ಅನ್ನಬೇಕು, ಹಿಂದಿನವರು ಅದನ್ನೇ ಹಿಂದಕ್ಕೆ ದಾಟಿಸಬೇಕು. ಕೊನೆಯಾಳು "ಬಸ್!" ಅಂದರೆ ಎಲ್ಲರೂ ಒಂದೇ ಸಾಲು. ಬಣ್ಣ ಬಳಿಯದ ಹಂಪುಗಳೇ ನಮ್ಮ ರಸ್ತೆಗಳಲ್ಲಿ ಗುಂಪಿನ ದೊಡ್ಡ ಶತ್ರು.

ಸಖರಾಯಪಟ್ಟಣದಿಂದ ಆರೇಳು ಕಿಲೋಮೀಟರ್ ಒಳಕ್ಕೆ ಅಯ್ಯನಕೆರೆ. ಸಖರಾಯಪಟ್ಟಣದ ಪಾಳೆಯಗಾರ ರುಕ್ಮಾಂಗದರಾಯ ಕಟ್ಟಿಸಿದ್ದು, ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರ ಆದದ್ದು ಅನ್ನುತ್ತಾರೆ. ಏರಿಯ ಮೇಲೆ ನಿಂತರೆ ನೀರಿನಾಚೆ ಶಕುನಗಿರಿ. ಗಾಳಿ ಇಲ್ಲದಿದ್ದರೆ ಬೆಟ್ಟ ಪೂರ್ತಿ ತಲೆಕೆಳಗಾಗಿ ನೀರಲ್ಲಿರುತ್ತದೆ. ಇಲ್ಲಿ ಒಂದು ಗಂಟೆ ಕೂರಿ, ಬುತ್ತಿ ಬಿಚ್ಚಿ. ಈಜಲು ಇಳಿಯಬೇಡಿ. ಹಳೇ ಕೆರೆ, ತೂಬಿನ ಹತ್ತಿರ ಆಳ ಎಷ್ಟು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಎರಡನೇ ದಿನ: ಏರು

ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ ಶಿಖರ. ಪೇಟೆಯಿಂದ 840 ಮೀಟರ್ ಏರಿಕೆ. ಕೊನೆಯದು ಮೆಟ್ಟಿಲು, ಅಲ್ಲಿ ಸೈಕಲ್ ಬಿಟ್ಟು ನಡೆಯಬೇಕು. ಪಿಕಪ್ ಗಾಡಿಯನ್ನು ಮೇಲಕ್ಕೆ ತರುವುದಾದರೆ ನೆನಪಿರಲಿ, ಈಗ ಈ ಕಡೆ ಬರುವ ಪ್ರವಾಸಿ ವಾಹನಗಳಿಗೆ ಮುಂಗಡ ಬುಕಿಂಗ್ ಪದ್ಧತಿ ಬಂದಿದೆ. ಹೋಟೆಲ್‌ನವರನ್ನು ಹಿಂದಿನ ರಾತ್ರಿಯೇ ಕೇಳಿಕೊಳ್ಳಿ.

ಕೈಮರದ ಚೆಕ್‌ಪೋಸ್ಟ್‌ವರೆಗೆ ಮೈ ಬಿಸಿ ಮಾಡಿಕೊಳ್ಳುವ ದಾರಿ. ಅಲ್ಲಿ ಎಲ್ಲರೂ ಸೇರಿ, ನೀರು ತುಂಬಿಸಿಕೊಳ್ಳಿ. ಮುಂದಕ್ಕೆ ಗುಂಪು ಒಟ್ಟಿಗೆ ಹೋಗುವುದು ಆಗದ ಮಾತು, ಆಗಬೇಕಾಗಿಯೂ ಇಲ್ಲ. ಏರಿನಲ್ಲಿ ಅವರವರ ಉಸಿರಿಗೆ ತಕ್ಕಂತೆ ಬಿಡಿ. ಎರಡೆರಡು ಜನ ಜೋಡಿಯಾಗಿರಲಿ, ಪ್ರತಿ ಮೂರು ಕಿಲೋಮೀಟರ್‌ಗೆ ಸೇರುವ ಜಾಗ ಇರಲಿ. ಅಲ್ಲೊಂದು ತಪ್ಪು ಎಲ್ಲ ಗುಂಪೂ ಮಾಡುತ್ತದೆ. ಮುಂದಿನವರು ಹದಿನೈದು ನಿಮಿಷ ಕೂತು ಆರಾಮಾಗಿರುತ್ತಾರೆ. ಹಿಂದಿನವರು ಏದುಸಿರು ಬಿಡುತ್ತಾ ಬಂದ ಕೂಡಲೇ "ಹ್ಞಾ, ಬಂದ್ರಲ್ಲ, ಹೊರಡೋಣ" ಅಂತ ಎದ್ದುಬಿಡುತ್ತಾರೆ. ಎಲ್ಲರಿಗಿಂತ ವಿಶ್ರಾಂತಿ ಬೇಕಾದವರಿಗೇ ಅದು ಸಿಗುವುದಿಲ್ಲ! ಕೊನೆಯವರು ಬಂದ ಮೇಲೆ ಹತ್ತು ನಿಮಿಷ ಅಂತ ಗಡಿಯಾರ ನೋಡಿ. ಫ್ಲಾಸ್ಕಿನ ಮೊದಲ ಲೋಟ ಕಾಫಿಯೂ ಅವರಿಗೇ.

ಏರಿನಲ್ಲಿ ಗೇರನ್ನು ಬೇಗ ಇಳಿಸಿ, ಕಾಲು ಸಿಕ್ಕಿಕೊಂಡ ಮೇಲಲ್ಲ. ಸೀಟಿನ ಮೇಲೇ ಕೂತು, ಹ್ಯಾಂಡಲ್ ಹಗುರಾಗಿ ಹಿಡಿದು, ಸಣ್ಣ ಗೇರಿನಲ್ಲಿ ಒಂದೇ ಸಮನೆ ತಿರುಗಿಸುತ್ತಿರಿ. ಇಳಿದು ತಳ್ಳುವುದು ಅವಮಾನ ಅಲ್ಲ. ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ನೀರು ಬೇಕು. ಚಳಿ ಇದ್ದರೆ ಬಾಯಾರಿಕೆಯೇ ಗೊತ್ತಾಗುವುದಿಲ್ಲ, ಆದರೂ ಕುಡಿಯಿರಿ. ಓಆರ್‌ಎಸ್ ಪೊಟ್ಟಣ ಖಾಲಿಯಾದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚ, ಅಂಚಿಗೆ ಸಮವಾಗಿ. ತಿನ್ನಲು ಬಾಳೆಹಣ್ಣು, ಕಡಲೆಮಿಠಾಯಿ. ದುಬಾರಿ ಎನರ್ಜಿ ಬಾರ್ ಸುಮ್ನೆ ಶೋಕಿ.

ಶಿಖರದಲ್ಲಿ ಗಾಳಿ ಜೋರು, ಬೆವರಿದ ಬಟ್ಟೆ ಮೈ ಕೊರೆಯುತ್ತದೆ. ಹೊದೆಯಲು ಒಂದು ಗಾಳಿ ಜಾಕೆಟ್ ಜೇಬಿನಲ್ಲೇ ಇರಲಿ, ಪಿಕಪ್ ಗಾಡಿಯಲ್ಲಲ್ಲ.

ಇಳಿಯುವುದನ್ನು ಹತ್ತುವುದಕ್ಕಿಂತ ಹುಷಾರಾಗಿ ಮಾಡಬೇಕು. ಒಬ್ಬರಿಗೂ ಇನ್ನೊಬ್ಬರಿಗೂ ಇಪ್ಪತ್ತು ಮೀಟರ್ ಅಂತರ. ಗುಂಪಿನೊಳಗೆ ಹಿಂದಿಕ್ಕುವಂತಿಲ್ಲ. ತಿರುವಿನ ಮೊದಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಹಿಡಿಯಬೇಡಿ. ಎರಡೂ ಬ್ರೇಕು ಒಟ್ಟಿಗೆ ಹಿಡಿದು ಬಿಡಿ, ಮತ್ತೆ ಹಿಡಿದು ಬಿಡಿ. ಒಂದೇ ಸಮನೆ ಹಿಡಿದುಕೊಂಡೇ ಬಂದರೆ ರಿಮ್ಮೋ ಡಿಸ್ಕೋ ಕಾದು ಬ್ರೇಕು ಹಿಡಿಯುವುದೇ ಕಡಿಮೆಯಾಗುತ್ತದೆ. ನಡುವೆ ಎರಡು ಸಲ ನಿಂತು ಆರಲು ಬಿಡಿ, ಡಿಸ್ಕು ಮಾತ್ರ ಕೈಯಲ್ಲಿ ಮುಟ್ಟಿ ನೋಡಬೇಡಿ, ಚರ್ಮ ಅಂಟಿಕೊಳ್ಳುತ್ತದೆ.

ಕಾಲಲ್ಲಿ ಇನ್ನೂ ಕಸುವಿದ್ದವರು ಮುಳ್ಳಯ್ಯನಗಿರಿಯ ಬದಲು ಬಾಬಾಬುಡನ್‌ಗಿರಿಗೆ ಹೋಗಬಹುದು. ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಬಾಬಾಬುಡನ್ ನೆಟ್ಟರು ಅನ್ನುವ ಕಥೆ ಈ ಬೆಟ್ಟದ್ದೇ. ಸಂಜೆ ಪೇಟೆಯಿಂದ ಹತ್ತು ಕಿಲೋಮೀಟರ್ ದೂರದ ಹಿರೇಕೊಳಲೆ ಕೆರೆಗೆ ಪಿಕಪ್ ಗಾಡಿಯಲ್ಲೇ ಹೋಗಿ ಬನ್ನಿ. ಸೈಕಲ್ಲು ಲಾಡ್ಜಿನಲ್ಲೇ ಇರಲಿ.

ಮೂರನೇ ದಿನ: ಕೆಮ್ಮಣ್ಣಿನ ಕಡೆಗೆ

ಬೆಟ್ಟಸಾಲನ್ನು ಎಡಕ್ಕೆ ಇಟ್ಟುಕೊಂಡು ಲಿಂಗದಹಳ್ಳಿವರೆಗೆ ಸಲೀಸು. ಊಟ ಅಲ್ಲೇ, ಹೊಟ್ಟೆ ಬಿರಿಯ ಅಲ್ಲ, ಮುಕ್ಕಾಲು. ಆಮೇಲೆ ಏರು. ಕಲ್ಲತ್ತಿಗಿರಿಯಲ್ಲಿ ವೀರಭದ್ರನ ಗುಡಿ, ಪಕ್ಕದಲ್ಲೇ ಧುಮುಕುವ ನೀರು. ಅರ್ಧ ಗಂಟೆ ಕಾಲು ನೆನೆಸಿ. ಮೂರನೇ ದಿನದ ಕಾಲಿಗೆ ಇದಕ್ಕಿಂತ ಒಳ್ಳೆ ಮದ್ದು ನನಗೆ ಗೊತ್ತಿಲ್ಲ.

ಒಣ ತಿಂಗಳುಗಳಲ್ಲಿ ಕಾಡಂಚಿನ ತರಗೆಲೆ ಮೇಲೆ ಕೂರಬೇಡಿ, ಮಲಗಬೇಡಿ. ಇದು ಸುಮ್ನೆ ಹೆದರಿಸುವ ಮಾತಲ್ಲ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ರಾತ್ರಿ ಸ್ನಾನ ಮಾಡುವಾಗ ಕಂಕುಳು, ಮಂಡಿಯ ಹಿಂದೆ ನೋಡಿಕೊಳ್ಳಿ. ಊರಿಗೆ ಮರಳಿದ ಮೇಲೆ ಒಂದೆರಡು ವಾರದಲ್ಲಿ ಜ್ವರ ಬಂದರೆ ಡಾಕ್ಟರಿಗೆ ಎಲ್ಲಿಗೆ ಹೋಗಿದ್ದಿರಿ ಅಂತ ಹೇಳಿ.

ಕೆಮ್ಮಣ್ಣುಗುಂಡಿ 1,434 ಮೀಟರ್. ಹೆಸರೇ ಹೇಳುವಂತೆ ಕೆಂಪು ಮಣ್ಣಿನ ಗುಂಡಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಇಲ್ಲಿಂದ ಹೋಗುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬರುತ್ತಿದ್ದ ಜಾಗವೂ ಇದೇ. ತೋಟಗಾರಿಕೆ ಇಲಾಖೆಯ ಅತಿಥಿಗೃಹವನ್ನು ಮೊದಲೇ ಕಾದಿರಿಸಿ. ಮೇಲೆ ಹೋದ ಮೇಲೆ ಜಾಗ ಇಲ್ಲ ಅಂದರೆ ಕತ್ತಲಲ್ಲಿ ಇಳಿಯಬೇಕು. ಅಂಗಡಿ ಅಂತ ಜಾಸ್ತಿ ಇಲ್ಲ, ರಾತ್ರಿಗೆ ಬೇಕಾದ್ದನ್ನು ಲಿಂಗದಹಳ್ಳಿಯಲ್ಲೇ ಕೊಳ್ಳಿ. ಬೆಟ್ಟದಲ್ಲಿ ಫೋನ್ ಸಿಗ್ನಲ್ ಬಂದರೆ ಬಂತು. 108, 112 ಎರಡೂ ಎಲ್ಲರಿಗೂ ಬಾಯಿಪಾಠ ಇರಲಿ, ಆದರೆ ಭರವಸೆ ಪಿಕಪ್ ಗಾಡಿಯ ಮೇಲಿರಲಿ.

ನಾಲ್ಕನೇ ದಿನ: ನೀರಿನ ಬದಿಗೆ

ಬೆಳಗಿನ ಮಂಜು ಕರಗಿದ ಮೇಲೆ ಇಳಿಯಿರಿ. ಕಾಫಿ ಕೊಯ್ಲಿನ ಕಾಲವಾದ್ದರಿಂದ ಕೂಲಿಯವರನ್ನು ತುಂಬಿಕೊಂಡ ಜೀಪು, ಟ್ರ್ಯಾಕ್ಟರ್ ಎದುರಾಗುತ್ತವೆ. ರಸ್ತೆ ಮೇಲೆ ಅವು ಚೆಲ್ಲಿದ ಹಸಿ ಮಣ್ಣು ಜಾರುತ್ತದೆ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ.

ಲಿಂಗದಹಳ್ಳಿಯಿಂದ ಲಕ್ಕವಳ್ಳಿ. ಭದ್ರಾ ಅಣೆಕಟ್ಟಿನ ಹಿಂದೆ ಬೆಟ್ಟದ ಬುಡದವರೆಗೂ ನೀರು, ನೀರಿನ ನಡುವೆ ಗುಡ್ಡದ ತುದಿಗಳು ನಡುಗಡ್ಡೆಯಾಗಿ ನಿಂತಿವೆ. ಆ ಕಡೆ ದಡ ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಸೈಕಲ್ಲಿನಲ್ಲಿ ಕಾಡೊಳಗೆ ನುಗ್ಗುವ ಯೋಚನೆ ಬೇಡ, ಮುಖ್ಯರಸ್ತೆ ಬಿಡಬೇಡಿ. ಇಲ್ಲಿಂದ ತರೀಕೆರೆಗೆ ಇನ್ನು ಇಪ್ಪತ್ತು ಕಿಲೋಮೀಟರ್ ಸುಮಾರು, ಏರಿಲ್ಲ. ಈ ಕೊನೆಯ ತುಂಡಿನಲ್ಲಿ ಕೊನೆಯಾಳನ್ನು ಮುಂದೆ ಕಳಿಸಿ, ಅವರ ವೇಗಕ್ಕೆ ಎಲ್ಲರೂ ಹಿಂದೆ ಬನ್ನಿ. ನಾಲ್ಕು ದಿನದಲ್ಲಿ ಮೊದಲ ಸಲ ಅವರಿಗೆ ಖಾಲಿ ರಸ್ತೆ ಕಾಣುತ್ತದೆ.

ತರೀಕೆರೆಯಲ್ಲಿ ಊಟಕ್ಕೆ ಕೂರುವ ಮುಂಚೆ ಒಂದು ಹಳೇ ಬಟ್ಟೆ ತೆಗೆದು ಚೈನು, ಗೇರು ಒರೆಸಿ ಎರಡು ಹನಿ ಎಣ್ಣೆ ಬಿಡಿ. ಕೆಮ್ಮಣ್ಣು ಒಣಗಿದರೆ ಉಜ್ಜಿದರೂ ಹೋಗುವುದಿಲ್ಲ. ಬಿಚ್ಚಿದ ಪೆಡಲ್‌ಗಳನ್ನು ಜೋಡಿ ಜೋಡಿಯಾಗಿ ಕವರಿನಲ್ಲಿ ಹಾಕಿ, ಕವರಿನ ಮೇಲೆ ಹೆಸರು ಬರೆಯಿರಿ. ನಮ್ಮ ಹಿರಿಯರ ಎಡ ಪೆಡಲ್ಲು ಈಗಲೂ ಯಾರದೋ ಮನೆಯಲ್ಲಿದೆ.